ಕಲಬುರಗಿಯಲ್ಲಿ ಕೂತು ಕಡಲಾಳದ ಕಂದರದ ಮೇಲೆ ಪಿಎಚ್.ಡಿ. ಮಾಡಬಹುದೇ?

ಓದುಗರ ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸೀನ್ರಿ. ಕಡಲಾಳದ ಕಂದರಗಳೊಳಗಿನ ಆಂತರಿಕ ಅಲೆಗಳ ಮ್ಯಾಲೆ ಪಿಎಚ್.ಡಿ. ಮಾಡ್ಬೇಕಂತ ಆಸೆ ಅದ. ಆದ್ರ ನಾನು ಸಮುದ್ರ ನೋಡಿದ್ದೇ ಒಮ್ಮೆ, ಗೋಕರ್ಣಕ್ಕ ಹೋದಾಗ. ಹಡಗಿಲ್ಲ, ಸಲಕರಣೆ ಇಲ್ಲ. ಎಲ್ಲಿಂದ ಶುರು ಮಾಡ್ಬೇಕ್ರಿ?

ಉತ್ತರ: ಮಾಡಬಹುದು. ಹಡಗಿಲ್ಲ ಅನ್ನೋದು ನಿಮ್ಮ ತೊಡಕೇ ಅಲ್ಲ. ಈ ವಿಷಯದಲ್ಲಿ ಥೀಸಿಸ್ ಕೆಡುವುದು ಬೇರೆ ಕಡೆ: ಸಿಗುವ ಅಳತೆಗಳಿಂದ ಉತ್ತರ ಹೊರಡಲಾರದಂಥ ಪ್ರಶ್ನೆಯನ್ನು ಹಿಡಿದುಕೊಂಡು ಮೂರು ವರ್ಷ ಕಳೆದಾಗ. ಹಾಗಾಗಿ ಮೊದಲು ಬೇಕಾದ್ದು ಪೆನ್ನು, ಕಾಗದ, ಒಂದು ಕ್ಯಾಲ್ಕುಲೇಟರ್.

ಕಡಲಾಳದ ಕಂದರವೆಂದರೆ ಸಮುದ್ರದ ತಳದಲ್ಲಿರುವ ಕಡಿದಾದ ಕಣಿವೆ. ಇನ್ನು ಸಮುದ್ರದ ನೀರು ಪದರಪದರವಾಗಿದೆ. ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು. ಉಬ್ಬರವಿಳಿತ ಈ ಪದರಗಳನ್ನು ಇಳಿಜಾರಿನ ಮೇಲೆ ಹಿಂದಕ್ಕೂ ಮುಂದಕ್ಕೂ ತಳ್ಳಿದಾಗ ಪದರಗಳೇ ಏರಿಳಿಯುತ್ತವೆ. ಇವೇ ಆಂತರಿಕ ಅಲೆಗಳು. ಒಳಗೆ ಹತ್ತಾರು ಮೀಟರ್ ಏರಿಳಿತವಾದರೂ ಮೇಲ್ಮೈಯಲ್ಲಿ ಕೆಲವು ಸೆಂಟಿಮೀಟರ್ ಕೂಡ ಕಾಣದೇ ಇರಬಹುದು. ಇದರ ಮುಖ್ಯ ಲಯ 12.42 ಗಂಟೆ, ಚಂದ್ರನ ಉಬ್ಬರದ್ದು.

ಈ ಅಲೆಗಳ ವಿಚಿತ್ರ ಗುಣ ಏನೆಂದರೆ ಅವುಗಳ ಶಕ್ತಿ ಓರೆಯಾಗಿ ಸಾಗುತ್ತದೆ, ಆ ಓರೆಯ ಕೋನಕ್ಕೂ ಅಲೆಯ ಉದ್ದಕ್ಕೂ ಸಂಬಂಧವಿಲ್ಲ. ಕೋನ ನಿರ್ಧಾರವಾಗುವುದು ಮೂರರಿಂದ: ಅಲೆಯ ಆವೃತ್ತಿ, ಭೂಮಿಯ ತಿರುಗುವಿಕೆಯಿಂದ ಬರುವ ಕೊರಿಯೊಲಿಸ್ ಆವೃತ್ತಿ, ಪದರಗಳು ಎಷ್ಟು ಗಟ್ಟಿಯಾಗಿವೆ, ಅಂದರೆ ಆಳಕ್ಕೆ ಹೋದಂತೆ ನೀರಿನ ಸಾಂದ್ರತೆ ಎಷ್ಟು ಬೇಗ ಹೆಚ್ಚುತ್ತದೆ ಎಂದು ಹೇಳುವ ಬ್ರಂಟ್–ವೈಸಾಲಾ ಆವೃತ್ತಿ. ತಳಕ್ಕೆ ಬಡಿದು ತಿರುಗಿದ ಮೇಲೂ ಅಡ್ಡಗೆರೆಯೊಂದಿಗಿನ ಕೋನ ಅಷ್ಟೇ ಉಳಿಯುತ್ತದೆ. ಕನ್ನಡಿಯ ನಿಯಮ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ತಳದ ಇಳಿಜಾರು ಅಲೆಯ ಓರೆಗಿಂತ ಕಡಿಮೆಯಿದ್ದರೆ ಶಕ್ತಿ ದಡದತ್ತ ಮುಂದುವರಿಯುತ್ತದೆ, ಹೆಚ್ಚಿದ್ದರೆ ಆಳಕ್ಕೆ ವಾಪಸಾಗುತ್ತದೆ. ಎರಡೂ ಸಮವಾದ ಕಡೆ ಅದು ತಳಕ್ಕಂಟಿ ಒತ್ತರಿಸಿಕೊಂಡು ಒಡೆದು ನೀರನ್ನು ಕಲಕುತ್ತದೆ.

ಕಂದರದಲ್ಲಿ ಇದು ಲಾಳಿಕೆಯಂತೆ ಕೆಲಸ ಮಾಡುತ್ತದೆ. ಕಡಿದಾದ ಪಕ್ಕದ ಗೋಡೆಗಳು ಶಕ್ತಿಯನ್ನು ತಳಕ್ಕೆ ದೂಡುತ್ತವೆ, ದಡದತ್ತ ಏರುವ ತಳ ಅದನ್ನು ಕಂದರದ ತಲೆಯತ್ತ, ಅಂದರೆ ದಡದ ಕಡೆಯ ತುದಿಗೆ, ಒಯ್ಯುತ್ತದೆ. ನ್ಯೂಯಾರ್ಕ್ ಎದುರಿನ ಹಡ್ಸನ್ ಕಂದರದಲ್ಲಿ ತಲೆಯ ಕಡೆ ಹೋದಂತೆ ಅಲೆಗಳ ಶಕ್ತಿ ಹೆಚ್ಚುವುದನ್ನು ಹಾಚ್‌ಕಿಸ್ ಮತ್ತು ವುನ್ಶ್ 1982ರಲ್ಲೇ ತೋರಿಸಿದರು. ಕ್ಯಾಲಿಫೋರ್ನಿಯಾದ ಮಾಂಟೆರೆ ಕಂದರದ ತಲೆಯ ಬಳಿ ಕಾರ್ಟರ್ ಮತ್ತು ಗ್ರೆಗ್ 2002ರಲ್ಲಿ ವರದಿ ಮಾಡಿದ ಕಲಕುವಿಕೆ ಬಯಲು ಸಮುದ್ರದ್ದಕ್ಕಿಂತ ಸುಮಾರು ಸಾವಿರ ಪಟ್ಟು.

ಈಗ ಲೆಕ್ಕ. ಕಲಬುರಗಿಯ ಅಕ್ಷಾಂಶ ಸುಮಾರು 17.3 ಡಿಗ್ರಿ, ವಿಶಾಖಪಟ್ಟಣದ್ದು 17.7. ಕೊರಿಯೊಲಿಸ್ ಆವೃತ್ತಿಗೆ ಸಮುದ್ರ ಎಷ್ಟು ದೂರ ಅನ್ನೋದು ಗೊತ್ತಿಲ್ಲ, ಅಕ್ಷಾಂಶ ಒಂದೇ ಬೇಕು. ನಿಮ್ಮ ಮನೆ ಮಾಳಿಗೆಗೆ ಹಾಕಿದ ಲೆಕ್ಕ ವಿಶಾಖಪಟ್ಟಣದ ಎದುರಿನ ಕಡಲಿಗೂ ಹೆಚ್ಚುಕಡಿಮೆ ನಡೆಯುತ್ತದೆ: ಸೆಕೆಂಡಿಗೆ 4.3×10⁻⁵ ರೇಡಿಯನ್, ಅಂದರೆ 40 ಗಂಟೆಗೊಂದು ಸುತ್ತು. ಚಂದ್ರನ ಉಬ್ಬರದ ಆವೃತ್ತಿ 1.405×10⁻⁴. ಬ್ರಂಟ್–ವೈಸಾಲಾ ಆವೃತ್ತಿಯನ್ನು 3×10⁻³ ಎಂದು ಇಟ್ಟುಕೊಳ್ಳಿ. ಉಬ್ಬರದ ವರ್ಗದಿಂದ ಕೊರಿಯೊಲಿಸ್ ವರ್ಗವನ್ನು ಕಳೆಯಿರಿ. ಬ್ರಂಟ್–ವೈಸಾಲಾ ವರ್ಗದಿಂದ ಉಬ್ಬರದ ವರ್ಗವನ್ನು ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಬರುವುದು 0.045 ಹತ್ತಿರ. ಒಂದು ಕಿಲೋಮೀಟರಿಗೆ 45 ಮೀಟರ್ ಏರು, ಎರಡೂವರೆ ಡಿಗ್ರಿ.

ಈ ಎರಡೂವರೆ ಡಿಗ್ರಿಯೇ ನಿಮ್ಮ ಥೀಸಿಸ್ಸಿನ ಕೀಲಿ. ಹತ್ತು–ಇಪ್ಪತ್ತು ಡಿಗ್ರಿ ಕಡಿದಾದ ಪಕ್ಕದ ಗೋಡೆಗಳು ಶಕ್ತಿಯನ್ನು ಆಳಕ್ಕೆ ತಿರುಗಿಸುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಕಂದರದ ತಳ ಮಾತ್ರ ಹಲವು ಕಡೆ ಎರಡು–ಮೂರು ಡಿಗ್ರಿ ಆಸುಪಾಸಿನಲ್ಲೇ ಇಳಿಯುತ್ತದೆ, ಅಂದರೆ ಸಮವಾಗುವ ಗಡಿಯ ಮೇಲೇ ನಿಂತಿರುತ್ತದೆ. ನೀರಿನ ಪದರ ಸ್ವಲ್ಪ ಗಟ್ಟಿಯಾದರೂ ಫಲಿತಾಂಶ ಬದಲಾಗುತ್ತದೆ: ಬ್ರಂಟ್–ವೈಸಾಲಾ ಆವೃತ್ತಿ ದುಪ್ಪಟ್ಟಾದರೆ ಅಲೆಯ ಓರೆ 1.3 ಡಿಗ್ರಿಗೆ ಇಳಿಯುತ್ತದೆ, ನಿನ್ನೆ ಒಳಗೆ ಹೋಗುತ್ತಿದ್ದ ಶಕ್ತಿ ಇವತ್ತು ಹೊರಕ್ಕೆ ತಿರುಗುತ್ತದೆ.

ಬಂಗಾಳ ಕೊಲ್ಲಿಯಲ್ಲಿ ಮಳೆಗಾಲದ ನಂತರ ನದಿಗಳ ಸಿಹಿನೀರು ಮೇಲೆ ಹರಡಿ ಈ ಪದರವನ್ನು ಗಟ್ಟಿ ಮಾಡುತ್ತದೆ. ಸಿಂಹಪಾಲು ಗಂಗಾ–ಬ್ರಹ್ಮಪುತ್ರದ್ದು. ಆದರೆ ಕಲಬುರಗಿ, ಯಾದಗಿರಿಯ ಮಳೆ ಭೀಮೆಯಿಂದ ಕೃಷ್ಣೆಗೆ, ಬೀದರಿನದು ಮಾಂಜ್ರಾದಿಂದ ಗೋದಾವರಿಗೆ ಸೇರಿ, ಅಣೆಕಟ್ಟುಗಳು ಬಿಟ್ಟುಕೊಟ್ಟಷ್ಟು ಅದೇ ಕೊಲ್ಲಿಗೆ ಹೋಗುತ್ತದೆ. ಸಮುದ್ರದ ವಿಷಯ ನಮಗ್ಯಾಕೆ ಎಂದು ಯಾರಾದರೂ ಕೇಳಿದರೆ ಇದನ್ನು ಹೇಳಿ. ಮಳೆಗಾಲದ ಮೊದಲು ಮತ್ತು ನಂತರ ಒಂದೇ ಕಂದರದ ತಳ ಅಲೆಯನ್ನು ಒಳಗೆ ಬಿಡುತ್ತದೋ ವಾಪಸ್ ಕಳಿಸುತ್ತದೋ ಎಂಬುದು ಒಂದು ಅಧ್ಯಾಯಕ್ಕೆ ಸಾಲುವ, ಹಡಗಿಲ್ಲದೆ ಉತ್ತರಿಸಬಹುದಾದ ಪ್ರಶ್ನೆ. ಪದರಗಳ ಉಷ್ಣತೆ, ಲವಣಾಂಶ ಆರ್ಗೋ ತೇಲುಯಂತ್ರಗಳಿಂದ ಉಚಿತವಾಗಿ ಸಿಗುತ್ತವೆ. ಅವು ಸಾಮಾನ್ಯವಾಗಿ 10 ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬರುತ್ತವೆ. ಕಂದರದೊಳಗೆ ಇಳಿಯುವುದು ಅಪರೂಪ, ಎದುರಿನ ಆಳ ನೀರಿನ ಋತುಮಾನ ತಿಳಿಯಲು ಸಾಕು.

ಯಾವ ಕಂದರ? ಆಂಧ್ರ ಕರಾವಳಿಯೆದುರು ಆಂಧ್ರ, ಮಹಾದೇವನ್, ಕೃಷ್ಣಾ ಎಂಬ ಹೆಸರಿನ ಕಂದರಗಳಿವೆ. ಇವುಗಳನ್ನು ವಿವರಿಸಿದ ಅಮೆರಿಕದ ಸಾಗರ ವಿಜ್ಞಾನಿ ಲಾಫಾಂಡ್ ಆಂಧ್ರ ವಿಶ್ವವಿದ್ಯಾಲಯದವರ ಜೊತೆ ವಿಶಾಖಪಟ್ಟಣದ ವಾಲ್ಟೇರಿನಲ್ಲಿ ಕೆಲಸ ಮಾಡಿದವರು. ಬಂಗಾಳ ಕೊಲ್ಲಿಯ ತಲೆಯಲ್ಲಿ ಬಾಂಗ್ಲಾದೇಶದ ಕಡೆ ‘ಸ್ವಾಚ್ ಆಫ್ ನೋ ಗ್ರೌಂಡ್’ ಎಂಬ ಕಂದರವಿದೆ. ನಮ್ಮ ನೀರಿನದೇ ಆಗಲಿ ಎಂಬ ಅಭಿಮಾನ ಒಳ್ಳೆಯದೇ. ಆದರೂ ಮೊದಲ ಅಧ್ಯಾಯಕ್ಕೆ ಮಾಂಟೆರೆಯನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಕಾರಣ ನಕ್ಷೆ. ಎಲ್ಲರಿಗೂ ಸಿಗುವ ಜೆಬ್ಕೋ ಆಳನಕ್ಷೆಯ ಚೌಕ ಸುಮಾರು 450 ಮೀಟರ್. ಕಂದರದ ತಲೆಯ ಅಗಲವೇ ಅಷ್ಟಿದ್ದರೆ ಅದು ನಕ್ಷೆಯಲ್ಲಿ ಕರಗಿಹೋಗುತ್ತದೆ. ಅಳೆಯದ ಜಾಗಗಳಲ್ಲಿ ಆಳವನ್ನು ಉಪಗ್ರಹದ ಗುರುತ್ವ ಮಾಹಿತಿಯಿಂದ ಅಂದಾಜು ಮಾಡಿ ತುಂಬಿರುತ್ತಾರೆ. ಎರಡೂವರೆ ಡಿಗ್ರಿಯ ಮೇಲೆ ನಿಂತ ಥೀಸಿಸ್ಸಿಗೆ ಅಂದಾಜಿನ ಇಳಿಜಾರು ಸಾಲದು. ಮಾಂಟೆರೆಯ ಸೂಕ್ಷ್ಮ ನಕ್ಷೆ ತೆರೆದಿದೆ. ಭಾರತದ ಕರಾವಳಿಯ ಅಂಥ ನಕ್ಷೆಗಳಿಗೆ ಸಾಮಾನ್ಯವಾಗಿ ಅನುಮತಿ ಬೇಕು. ಅಲ್ಲಿ ಕಂಪ್ಯೂಟರ್ ಕೋಡ್ ತಿದ್ದಿಕೊಂಡು, ಅನುಮತಿ ಬಂದ ಮೇಲೆ ಇಲ್ಲಿಗೆ ಬನ್ನಿ.

ಇನ್ನು ಸಮಯದ ಅಳತೆ, ಬಹಳ ಮಂದಿ ಎಡವುವ ಜಾಗ. 12 ಗಂಟೆಗೊಮ್ಮೆ ತೆಗೆದ ಅಳತೆಗಳು ನಿಮಗೆ ಸಿಕ್ಕವು ಎನ್ನಿ. 12.42 ಗಂಟೆಯ ಅಲೆ ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಜಾರುತ್ತ ಹೋಗಿ ಸುಮಾರು 14.8 ದಿನಗಳ ನಿಧಾನ ಅಲೆಯಾಗಿ ಗ್ರಾಫಿನಲ್ಲಿ ಕಾಣುತ್ತದೆ. ಕಷ್ಟವೆಂದರೆ ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಉಬ್ಬರಗಳ ನಿಜವಾದ ಲಯವೂ ಅದೇ. ನಕಲಿ ಯಾವುದು, ಅಸಲಿ ಯಾವುದು ಎಂದು ಆಮೇಲೆ ಯಾವ ಗಣಿತವೂ ಬೇರ್ಪಡಿಸಿಕೊಡದು. ಗಂಟೆಗೊಂದಾದರೂ ಅಳತೆ ಇರಬೇಕು. ಚಂದ್ರನ ಮತ್ತು ಸೂರ್ಯನ ಉಬ್ಬರಗಳನ್ನು ಬಿಡಿಸಲು ಕನಿಷ್ಠ 15 ದಿನ ಎಡೆಬಿಡದೆ ಬೇಕು. ತಿಂಗಳಿದ್ದರೆ ನಿಶ್ಚಿಂತೆ. ಆದ್ದರಿಂದ ಡೇಟಾ ಕೇಳುವಾಗ ‘ಎಷ್ಟು ವರ್ಷದ್ದು’ ಎಂದು ಕೇಳುವ ಮೊದಲು ‘ಎಷ್ಟು ಹೊತ್ತಿಗೊಮ್ಮೆ’ ಎಂದು ಕೇಳಿ.

ಕಂದರದಲ್ಲಿ ಅಂಥ ಸರಣಿ ಪಡೆಯುವುದೂ ಸುಲಭವಲ್ಲ. ಮಾಂಟೆರೆಯಲ್ಲಿ 2015ರಿಂದ 2017ರವರೆಗೆ ಹಲವು ಸಂಸ್ಥೆಗಳು ಸೇರಿ ಉಪಕರಣಗಳನ್ನು ಇಳಿಬಿಟ್ಟಿದ್ದವು. 2016ರ ಜನವರಿಯಲ್ಲಿ ಕೆಸರಿನ ಪ್ರವಾಹವೊಂದು ಕಂದರದೊಳಗೆ 50 ಕಿಲೋಮೀಟರಿಗೂ ದೂರ ನುಗ್ಗಿತು. ಅಂಥ ದಿನಗಳ ದಾಖಲೆಯಲ್ಲಿ ಉಪಕರಣ ತಾನೇ ಜಾರಿದ್ದನ್ನು ಅಲೆ ಎಂದು ಓದಬೇಡಿ. ಒತ್ತಡದ ಮತ್ತು ವಾಲಿಕೆಯ ದಾಖಲೆಗಳನ್ನು ಮೊದಲು ನೋಡಿ.

ಸಂಖ್ಯಾ ಮಾದರಿಗೆ, ಅಂದರೆ ನೀರಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು, ಎಂಐಟಿಜಿಸಿಎಂ ಎಂಬ ಪ್ರೋಗ್ರಾಂ ಉಚಿತ. ಎರಡು ಆಯಾಮದ ಸೀಳು ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ಆದರೆ ಅದರಲ್ಲಿ ಪಕ್ಕದ ಗೋಡೆಗಳೇ ಇರುವುದಿಲ್ಲ, ಹಾಗಾಗಿ ಅದನ್ನು ಕಂದರ ಎನ್ನಲಾಗದು. ಕಲಿಯಲು ಮಾಡಿ, ತೀರ್ಮಾನಕ್ಕೆ ಬೇಡ.

ಇದಕ್ಕಿಂತ ನನಗೆ ಇಷ್ಟವಾದದ್ದು ಗಾಜಿನ ತೊಟ್ಟಿ. ತಳದಲ್ಲಿ ಲೀಟರಿಗೆ ಸುಮಾರು 70 ಗ್ರಾಂ ಉಪ್ಪು ಹಾಕಿದ ನೀರು, ಮೇಲಕ್ಕೆ ಬಂದಂತೆ ಉಪ್ಪು ಕಡಿಮೆಯಾಗುತ್ತ ಸಿಹಿನೀರು, ಒಟ್ಟು 30 ಸೆಂಟಿಮೀಟರ್ ಎತ್ತರ. ಒಂದರಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಸಿಹಿನೀರು ಇಟ್ಟು, ಎರಡು ಬಕೆಟ್ಟಿನಿಂದ ಬೆರೆಸುತ್ತ ನಿಧಾನಕ್ಕೆ ತುಂಬಿದರೆ ಪದರ ಸಮನಾಗಿ ಕೂರುತ್ತದೆ. ಇದರ ಸಹಜ ಲಯ (ಬ್ರಂಟ್–ವೈಸಾಲಾ ಲಯ) ಐದು ಸೆಕೆಂಡ್ ಹತ್ತಿರ. ಎಂಟು ಸೆಕೆಂಡಿಗೊಮ್ಮೆ ಅಡ್ಡಲಾಗಿ ಹಿಡಿದ ಒಂದು ಕೊಳವೆಯನ್ನು ಮೇಲೆ ಕೆಳಗೆ ಆಡಿಸಿದರೆ ಅಲೆಗಳು ಸುಮಾರು 39 ಡಿಗ್ರಿ ಓರೆಯಲ್ಲಿ ನಾಲ್ಕು ಕಡೆ ಹೊರಡುತ್ತವೆ. ಮೌಬ್ರೇ ಮತ್ತು ರ‍್ಯಾರಿಟಿ 1967ರಲ್ಲಿ ಫೋಟೊ ತೆಗೆದು ತೋರಿಸಿದ್ದು ಇದೇ ಶಿಲುಬೆಯಾಕಾರವನ್ನು. ಹಿಂದೆ ಚುಕ್ಕೆ ಹಾಳೆ ಅಂಟಿಸಿ ಮೊಬೈಲಿನಲ್ಲಿ ಚಿತ್ರಿಸಿದರೆ ಚುಕ್ಕೆಗಳು ಕದಲುವುದರಿಂದ ಅಲೆ ಗೊತ್ತಾಗುತ್ತದೆ. ಒಳಗೆ ‘ವಿ’ ಆಕಾರದ ಕಂದರ ಇಟ್ಟರೆ ಅದೇ ಒಂದು ಅಧ್ಯಾಯ. ಏಪ್ರಿಲ್–ಮೇ ತಿಂಗಳಲ್ಲಿ ಮಾತ್ರ ಬೇಡ, ನಮ್ಮ ಬಿಸಿಲಿಗೆ ತೊಟ್ಟಿಯ ಪಕ್ಕಗಳು ಕಾದು ಪದರಗಳನ್ನು ಕಲಕಿಬಿಡುತ್ತವೆ.

ಗೈಡ್ ವಿಷಯ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ನೋಂದಣಿಯಾಗುವುದಾದರೆ, ಹೊರಗಿನ ಸಂಸ್ಥೆಯವರು ಕೋ-ಗೈಡ್ ಆಗಬಹುದೇ ಎಂದು ಮೊದಲೇ ವಿಚಾರಿಸಿ. ಸಾಗರ ಮಾಹಿತಿಯ ರಾಷ್ಟ್ರೀಯ ಕೇಂದ್ರ ಇನ್‌ಕಾಯಿಸ್ ಇರುವುದು ಹೈದರಾಬಾದಿನಲ್ಲಿ. ವಾಡಿ, ತಾಂಡೂರು ದಾಟಿದರೆ ಬಂತು, ನಮಗೆ ಬೆಂಗಳೂರಿಗಿಂತ ಹತ್ತಿರ. ಅಲ್ಲಿ ತರಬೇತಿ ಕೋರ್ಸುಗಳೂ ನಡೆಯುತ್ತವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗೆ ವಿಶಾಖಪಟ್ಟಣದಲ್ಲಿ ಪ್ರಾದೇಶಿಕ ಕೇಂದ್ರವಿದೆ. ಅವರಿಗೆ ಬರೆಯುವಾಗ ‘ನನಗೆ ಆಸಕ್ತಿ ಇದೆ’ ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. ಮೇಲಿನ ಓರೆಯ ಲೆಕ್ಕವನ್ನು ಎರಡು ಋತುಗಳಿಗೆ ಮಾಡಿ, ಕಂದರದ ತಳದ ಇಳಿಜಾರಿನ ಜೊತೆ ಒಂದೇ ಗ್ರಾಫಿನಲ್ಲಿ ಹಾಕಿ ಕಳಿಸಿ.

ಮತ್ತೆ ಸಿನಾಪ್ಸಿಸ್‌ನಲ್ಲಿ ‘ಹಡಗಿನ ಅವಕಾಶ ಸಿಕ್ಕರೆ’ ಎಂಬ ಅಧ್ಯಾಯ ಇಡಬೇಡ್ರಿ. ಸಿಕ್ಕರೆ ಹೋಗಿ ಬರ್ರಿ, ಅದನ್ನು ಅನುಬಂಧದಲ್ಲಿ ಸೇರಿಸಿದರಾಯಿತು.