ಬೇರಿಂಗ್ ಹಾಕಿ, ಸೀಲ್ ಬೇಡ ಎನ್ನುವವರಿಗೆ

ಮಳೆಗಾಲದಲ್ಲಿ ನಮ್ಮ ಕರಾವಳಿಯ ಮನೆಗಳಲ್ಲಿ ಬಟ್ಟೆ ಒಣಗಬೇಕಾದರೆ ವಾಷಿಂಗ್ ಮೆಷಿನ್ ಗಟ್ಟಿಯಾಗಿ ಹಿಂಡಿ ಕೊಡಲೇಬೇಕು. ಹಳೆಯ ಫ್ರಂಟ್ ಲೋಡ್ ಮೆಷಿನ್‌ಗಳು ಗರಗರ ಎನ್ನತೊಡಗುವುದೂ ಆಗಲೇ. ಆ ಸದ್ದು ಡ್ರಮ್ ಸರಾಗವಾಗಿ ತಿರುಗಲೆಂದು ಇರುವ ಗುಂಡುಗಳ ಬಳೆ, ಅಂದರೆ ಬೇರಿಂಗಿನದು ಎಂಬುದು ಈಗ ಬಹುತೇಕರಿಗೆ ಗೊತ್ತಿದೆ. ಸಂತೋಷ. ಆದರೆ ಅದರ ಬೆನ್ನಿಗೇ ಬರುವ ಮಾತು ರಿಪೇರಿ ಮಾಡುವ ನನ್ನ ತಾಳ್ಮೆ ಕೆಡಿಸುತ್ತದೆ: “ಬೇರಿಂಗ್ ಮಾತ್ರ ಹಾಕಿ ಅಣ್ಣ, ಸೀಲ್ ಎಲ್ಲ ಬೇಡ.”

ಇಂಥ ಮೆಷಿನ್‌ಗಳಲ್ಲಿ ಬೇರಿಂಗ್ ಬರೀ ತಿರುಗಿ ತಿರುಗಿ ಸವೆಯುವುದು ಕಡಿಮೆ. ಅದನ್ನು ಹಾಳು ಮಾಡುವುದು ನೀರು. ಡ್ರಮ್ಮಿನ ಶಾಫ್ಟ್, ಅಂದರೆ ಅದು ತಿರುಗುವ ದಂಡ, ನೀರು ತುಂಬುವ ಹೊರಗಿನ ಟಬ್ಬಿನ ಹಿಂಬದಿಯಿಂದ ಹೊರಬರುವಲ್ಲಿ ಮೊದಲು ಆಯಿಲ್ ಸೀಲ್ ಕೂತಿರುತ್ತದೆ, ಅದರ ಹಿಂದೆ ದೊಡ್ಡ ಬೇರಿಂಗ್, ಬೆಲ್ಟ್ ಸುತ್ತುವ ಪುಲ್ಲಿಯ ಕಡೆಗೆ ಸಣ್ಣದು. ಸೀಲಿನ ರಬ್ಬರ್ ಅಂಚು ಶಾಫ್ಟನ್ನು ಬಿಗಿಯಾಗಿ ಹಿಡಿದಿರುವಷ್ಟು ಕಾಲ ಸೋಪಿನ ನೀರು ಆಚೆ ದಾಟುವುದಿಲ್ಲ. ಅಂಚು ಸವೆದರೆ ನೀರು ಹನಿಹನಿಯಾಗಿ ಒಳಗಿಳಿದು ಗ್ರೀಸನ್ನು ತೊಳೆಯುತ್ತದೆ, ಗುಂಡುಗಳಿಗೆ ತುಕ್ಕು ಹಿಡಿಸುತ್ತದೆ. ನಿಮ್ಮ ಕಿವಿಗೆ ಸದ್ದು ಬೀಳುವುದು ಇಷ್ಟೆಲ್ಲ ಆದ ಮೇಲೆ. ಹಳೆಯ ಸೀಲ್ ಉಳಿಸಿಕೊಂಡು ಹೊಸ ಬೇರಿಂಗ್ ಹಾಕಿಸುವುದೆಂದರೆ ಸೋರುವ ಮಾಡಿನ ಕೆಳಗೆ ಹೊಸ ಚಾಪೆ ಹಾಸಿದಂತೆ. ಮೆಷಿನ್ ಪೂರ್ತಿ ಬಿಚ್ಚುವ ಕೂಲಿ ಎರಡಕ್ಕೂ ಒಂದೇ. ಸೀಲ್ ಬಿಟ್ಟು ನೀವು ಉಳಿಸುವುದು ತೀರಾ ಸಣ್ಣ ಮೊತ್ತ.

ಮಲ್ಪೆ ಬದಿಯ ಒಂದು ಮನೆಯಲ್ಲಿ ಹಿಂದಿನ ವರ್ಷ ಯಾರೋ ಬೇರಿಂಗ್ ಮಾತ್ರ ಬದಲಿಸಿ ಹೋಗಿದ್ದರು. ಮಗಳು ಬಾಣಂತನಕ್ಕೆ ಬಂದಿದ್ದಳು, ಮಗುವಿನ ಬಟ್ಟೆ ರಾಶಿ ಬಿದ್ದಿತ್ತು, ಹೊರಗೆ ಜಡಿಮಳೆ. ನಾನು ಹೋಗಿ ಟಬ್ ಬಿಚ್ಚಿದರೆ ಶಾಫ್ಟಿನ ತೂತಿನಿಂದ ಕೆಳಕ್ಕೆ ಕಂದು ಬಣ್ಣದ ಗೆರೆ ಇಳಿದಿತ್ತು. ಬೇರಿಂಗನ್ನು ಪೇಪರಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿದೆ, ತುಕ್ಕಿನ ನೀರು ಒಸರಿತು. ಮನೆಯ ಅಕ್ಕ ಹಳೆಯ ಸೀಲನ್ನು ಕೈಗೆತ್ತಿಕೊಂಡು, “ಇಷ್ಟು ಸಣ್ಣದಕ್ಕೆ ನಾನೇ ಬೇಡ ಎಂದಿದ್ದೆನಲ್ಲ” ಎಂದು ಬಹಳ ನೊಂದುಕೊಂಡರು. ಅವರ ತಪ್ಪೇನೂ ಇಲ್ಲ, ತಿಳಿಸಿ ಹೇಳಬೇಕಾದವರು ಹೇಳಿರಲಿಲ್ಲ.

ಹೊಸ ಸೀಲ್ ಹಾಕುವ ಮೊದಲು ಶಾಫ್ಟಿನ ಮೇಲೆ ಅದು ಕೂರುವ ಜಾಗಕ್ಕೆ ಉಗುರು ಆಡಿಸಿ ನೋಡುತ್ತೇನೆ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಹೆಚ್ಚು ಕಾಲ ನಿಲ್ಲದು. ಡ್ರಮ್ಮನ್ನು ಹಿಡಿದಿರುವ ಮೂರು ಕೈಗಳ ಅಲ್ಯೂಮಿನಿಯಂ ಸ್ಪೈಡರನ್ನೂ ನೋಡಬೇಕು. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಯ ಕೊನೆಗೆ ನೀರು ಉಪ್ಪಾಗುವುದುಂಟು, ಆ ನೀರಿನಲ್ಲಿ ಒಗೆದರೆ ಸ್ಪೈಡರ್ ಬೇಗ ತಿಂದುಹೋಗುತ್ತದೆ. ಅದರ ಕೈ ಬಿರುಕು ಬಿಟ್ಟಿದ್ದರೆ ಬೇರಿಂಗ್ ಹಾಕಲು ನಾನು ಒಪ್ಪುವುದಿಲ್ಲ. ನಿಮಿಷಕ್ಕೆ 1000 ಸುತ್ತು ತಿರುಗುವಾಗ ಅದು ಮುರಿದರೆ ಟಬ್ಬೇ ಒಡೆಯಬಹುದು.

ಅಂಗಡಿಯಿಂದ ನೀವೇ ಬೇರಿಂಗ್ ತರುವುದಾದರೆ ಹಳೆಯದರ ಮೇಲಿನ ಸಂಖ್ಯೆಯನ್ನು ಪೂರ್ತಿ ಬರೆದುಕೊಳ್ಳಿ. 6205ಕ್ಕೂ 6206ಕ್ಕೂ ನೋಟದಲ್ಲಿ ಹೆಚ್ಚು ವ್ಯತ್ಯಾಸ ಕಾಣದು, ಆದರೆ ಒಳತೂತು ಒಂದರದು 25 ಮಿಲಿಮೀಟರ್, ಇನ್ನೊಂದರದು 30. ಕೆಲವು ಮಾದರಿಗಳಲ್ಲಿ ಟಬ್ಬಿನ ಎರಡು ಭಾಗಗಳನ್ನು ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ. ಅಂಥದ್ದಕ್ಕೆ ಲೆಕ್ಕವೇ ಬೇರೆ, ಆದ್ದರಿಂದ ನೋಡದೆ ಫೋನಿನಲ್ಲಿ ದರ ಹೇಳಲಾರೆ.

ಕರೆ ಮಾಡುವ ಮೊದಲು ಪ್ಲಗ್ ತೆಗೆದು, ಬಾಗಿಲು ತೆರೆದು, ಡ್ರಮ್ಮಿನ ಮೇಲಂಚನ್ನು ಹಿಡಿದು ಎತ್ತಿ ನೋಡಿ. ಟಬ್ ಸಮೇತ ಅಲುಗಿದರೆ ಚಿಂತೆಯಿಲ್ಲ, ಅದು ಸ್ಪ್ರಿಂಗಿನಲ್ಲಿ ತೂಗುತ್ತಿರುತ್ತದೆ. ಡ್ರಮ್ ಮಾತ್ರ ಕಟಕಟ ಎಂದು ಆಡಿದರೆ ಬೇರಿಂಗ್ ಹೋಗಿರುವ ಸಂಭವವೇ ಹೆಚ್ಚು. ಮಳೆ ನಿಲ್ಲಲಿ ಎಂದು ಕಾಯಬೇಡಿ, ಅಷ್ಟರಲ್ಲಿ ಶಾಫ್ಟೂ ಕೆಡುತ್ತದೆ. ರಿಪೇರಿಯವರು ಬರುವವರೆಗೆ ಒಗೆಯಲೇಬೇಕಾದರೆ ಹಿಂಡುವ ವೇಗವನ್ನು ಕನಿಷ್ಠಕ್ಕೆ ಇಳಿಸಿ, ಕಂಬಳಿ, ಜಮಖಾನೆಗಳನ್ನು ಹಾಕಬೇಡಿ.