ಒಣ ಹವೆಯ ವೈನ್ ದ್ರಾಕ್ಷಿ: ತೋಟದ ಹನಿಯಿಂದ ತೊಟ್ಟಿಯ ಪಿಎಚ್‌ವರೆಗೆ

ನೀರು ಉಳಿಸಲು ಹೊರಟವರು ಪ್ರಮಾಣದಲ್ಲಿ ಎಡವುವುದು ಕಡಿಮೆ, ಹೊತ್ತು ತಪ್ಪುವುದೇ ಹೆಚ್ಚು. ಹೂ ಬಿಡುವಾಗ ಬಳ್ಳಿ ಬಾಯಾರಿದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಮುಂದಿನ ಬೆಳೆಯ ಗೊಂಚಲು ಬಳ್ಳಿಯ ಕಣ್ಣಿನೊಳಗೆ (ಚಿಗುರೊಡೆಯುವ ಮೊಗ್ಗಿನೊಳಗೆ) ರೂಪುಗೊಳ್ಳಲು ಶುರುವಾಗುವುದೂ ಅದೇ ಸುಮಾರಿಗೆ. ಹಾಗಾಗಿ ಪೆಟ್ಟು ಎರಡು ಬೆಳೆಗೆ. ನೀರಿನ ಕಡಿತ ಮಾಡಬೇಕಾದ್ದು ಕಾಯಿ ಕಚ್ಚಿದ ಮೇಲೆ, ಬಣ್ಣ ತಿರುಗುವ ಮೊದಲು. ಆಗ ನೀರು ಬಿಗಿಹಿಡಿದರೆ ಕುಡಿಯ ಓಟ ನಿಲ್ಲುತ್ತದೆ, ಹಣ್ಣು ಸಣ್ಣದಾಗಿ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚುತ್ತದೆ. ಕೆಂಪು ವೈನ್‌ಗೆ ಬೇಕಾದದ್ದೇ ಅದು. ಬಿಳಿ ತಳಿಗಳಿಗೆ ಇಷ್ಟು ಬಿಗಿ ಬೇಡ.

ಲೆಕ್ಕ ಹೀಗೆ. ನಡು ಮಧ್ಯಾಹ್ನ ಸಾಲಿನ ನೆರಳಿನ ಅಗಲ ಅಳೆಯಿರಿ. ಸಾಲಿನ ಅಂತರ 2.5 ಮೀ., ನೆರಳು ಸುಮಾರು 88 ಸೆಂ.ಮೀ. ಅಂದರೆ ನೆಲದ 35% ನೆರಳು. ಆ 35ನ್ನು 0.017ರಿಂದ ಗುಣಿಸಿದರೆ ಬೆಳೆ ಗುಣಾಂಕ (ಹವಾಮಾನದ ಅಂಕಿಯಿಂದ ಬಳ್ಳಿಯ ಬೇಡಿಕೆ ತಿಳಿಯುವ ಗುಣಕ) ಸುಮಾರು 0.6. ಹವಾಮಾನ ಕೇಂದ್ರ ಕೊಡುವ ಆಧಾರ ಬಾಷ್ಪವಿಸರ್ಜನೆಯ (ನೆಲ, ಗಿಡ ಎರಡರಿಂದಲೂ ಆವಿಯಾಗುವ ನೀರು, ETo) ಅಂಕಿ ವಾರಕ್ಕೆ 42 ಮಿ.ಮೀ. ಇದ್ದರೆ ಬಳ್ಳಿಯ ಪೂರ್ತಿ ಬೇಡಿಕೆ ಸುಮಾರು 25 ಮಿ.ಮೀ.; ಕಡಿತದ ಹಂತದಲ್ಲಿ ಅದರ ಅರ್ಧ, 12.6. ಬಳ್ಳಿಯಿಂದ ಬಳ್ಳಿಗೆ 1.5 ಮೀ. ಇದ್ದರೆ ಒಂದರ ಪಾಲಿನ ನೆಲ 3.75 ಚದರ ಮೀಟರ್; ಒಂದು ಚದರ ಮೀಟರಿಗೆ 1 ಮಿ.ಮೀ. ಎಂದರೆ 1 ಲೀಟರ್, ಹಾಗಾಗಿ ಬಳ್ಳಿಗೆ 47 ಲೀಟರ್. ಹನಿ ನೀರಾವರಿಯ ದಕ್ಷತೆ 90% ಎಂದು ಹಿಡಿದರೆ 52 ಲೀಟರ್ ಬಿಡಬೇಕು. ಗಂಟೆಗೆ 2 ಲೀಟರಿನ ಎರಡು ಡ್ರಿಪ್ಪರ್‌ಗಳಿಗೆ ಇದು 13 ಗಂಟೆಯ ಕೆಲಸ. ವಾರಕ್ಕೆ ಎರಡು ಸಲವಾಗಿ ಕೊಡಿ. ದಿನಾ ಚೂರುಚೂರು ಬಿಟ್ಟರೆ ಮೇಲ್ಮಣ್ಣಷ್ಟೇ ನೆನೆದು ನೀರು ಆವಿಯಾಗುತ್ತದೆ, ಬೇರು ಆಳಕ್ಕೆ ಇಳಿಯುವುದಿಲ್ಲ.

ಲೆಕ್ಕವನ್ನು ಕುರುಡಾಗಿ ನಂಬಬೇಡಿ, ಕುಡಿಯನ್ನು ನೋಡಿ. ನುಲಿಬಳ್ಳಿ (ಆಸರೆಗೆ ಸುತ್ತಿಕೊಳ್ಳುವ ಎಳೆ) ಕುಡಿಯ ತುದಿಯನ್ನು ದಾಟಿ ಚಾಚಿದ್ದರೆ ಬಳ್ಳಿ ಇನ್ನೂ ಹುರುಪಿನಲ್ಲಿದೆ. ನುಲಿಬಳ್ಳಿ ಬಾಡಿ ತುದಿ ಮುದುಡಿದರೆ ಕಡಿತ ನಾಟಿದೆ ಎಂದರ್ಥ. ಬುಡದ ಎಲೆ ಹಳದಿಯಾಗಿ ಉದುರತೊಡಗಿದರೆ ಮಿತಿ ಮೀರಿದೆ. ಇನ್ನು ಗೊಂಚಲು ಬಿಸಿಲಿಗೆ ಸುಡುವುದೊಂದೇ ಬಾಕಿ. ಕೊಯ್ಲಾದ ಮೇಲೆ ನೀರು ನಿಲ್ಲಿಸಿಬಿಡುವುದೂ ತಪ್ಪೇ. ಮುಂದಿನ ಚಿಗುರಿಗೆ ಬೇಕಾದ ಪಿಷ್ಟವನ್ನು ಎಲೆಗಳು ಬೇರಿಗೆ ಇಳಿಸುವುದು ಆಗಲೇ.

ಉಪ್ಪು ಸದ್ದಿಲ್ಲದೆ ಬರುವ ಶತ್ರು. ನೀರಿನಿಂದ ಪೂರ್ತಿ ನೆನೆಸಿದ ಮಣ್ಣಿನಿಂದ ಹಿಂಡಿ ತೆಗೆದ ದ್ರವದ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಷ್ಟೂ ಇದು ಹೆಚ್ಚು) 1.5 ಡೆಸಿಸೀಮನ್ಸ್/ಮೀ. ದಾಟಿದ ಮೇಲೆ ಪ್ರತಿ ಒಂದು ಅಂಕಕ್ಕೆ ಇಳುವರಿ ಸುಮಾರು 10% ಇಳಿಯುತ್ತದೆ. ಹನಿ ನೀರು ಉಪ್ಪನ್ನು ಒದ್ದೆ ವೃತ್ತದ ಅಂಚಿಗೆ ತಳ್ಳಿಡುತ್ತದೆ. ಬಿಳಿ ಬಳೆಯ ಹಾಗೆ ಕಣ್ಣಿಗೇ ಕಾಣುತ್ತದೆ. ಒಂದು ತುಂತುರು ಮಳೆ ಸಾಕು, ಅದು ಕರಗಿ ಬೇರಿನತ್ತ ಮರಳಲು. ಅದಕ್ಕೇ ಮೊದಲ ಮಳೆ ಬೀಳುವಾಗ ಹನಿ ನೀರನ್ನು ಚಾಲೂ ಇಡುವುದು. ನೋಡುವವರಿಗೆ ಹುಚ್ಚುತನ ಅನ್ನಿಸೀತು, ಅನ್ನಿಸಲಿ. ಇನ್ನು ಬೇರುಸಸಿ, ಅಂದರೆ ವೈನ್ ತಳಿಯನ್ನು ಕಸಿ ಕಟ್ಟುವ ಬುಡದ ಗಿಡ: 110ಆರ್, 1103ಪಿ, 140ಆರ್‌ಯು ತಳಿಗಳು ಬರ ತಾಳುತ್ತವೆ.

ಬಿಸಿಲಿನ ಹಣ್ಣಿನಲ್ಲಿ ಮ್ಯಾಲಿಕ್ ಆಮ್ಲ ಬೇಗ ಕರಗುತ್ತದೆ, ಸಕ್ಕರೆ ಮುಂದೋಡುತ್ತದೆ, ಪಿಎಚ್ ಏರುತ್ತದೆ, ಅಂದರೆ ರಸದ ಆಮ್ಲತೆ ಇಳಿಯುತ್ತದೆ. ಆಗ ವೈನ್ ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡ್ ಹೆಚ್ಚು ಬೇಕಾಗುತ್ತದೆ. ಅದರಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವ ಅಣುರೂಪದ ಪಾಲು ಲೀಟರಿಗೆ 0.8 ಮಿ.ಗ್ರಾಂ ಸಿಗಬೇಕಾದರೆ ಪಿಎಚ್ 3.4ರಲ್ಲಿ 32 ಮಿ.ಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ ಸಾಕು, 3.8ರಲ್ಲಿ ಸುಮಾರು 80 ಬೇಕು. ಟಾರ್ಟಾರಿಕ್ ಆಮ್ಲವನ್ನು ಹುದುಗುವಿಕೆಗೆ ಮೊದಲೇ ಹಾಕಿ. ಲೀಟರಿಗೆ 1 ಗ್ರಾಂ ಹಾಕಿದರೆ ಪಿಎಚ್ ಅಂದಾಜು 0.1 ಇಳಿಯುತ್ತದೆ. ಬಾಯಾರಿದ ಬಳ್ಳಿಯ ರಸದಲ್ಲಿ ಸಾರಜನಕವೂ ಕಡಿಮೆ. ಯೀಸ್ಟ್ ಬಳಸಬಲ್ಲ ಸಾರಜನಕ 140 ಮಿ.ಗ್ರಾಂ/ಲೀ.ಗಿಂತ ಕೆಳಗಿದ್ದರೆ ಹುದುಗು ಅರ್ಧಕ್ಕೆ ನಿಲ್ಲಬಹುದು, ಕೊಳೆತ ಮೊಟ್ಟೆಯ ವಾಸನೆ ಏಳಬಹುದು. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಲೀಟರಿಗೆ 0.25 ಗ್ರಾಂ ಹಾಕಿದರೆ ಸುಮಾರು 50 ಮಿ.ಗ್ರಾಂ ಸಾರಜನಕ ಸಿಗುತ್ತದೆ. ಸಕ್ಕರೆಯ ಮೂರನೇ ಒಂದು ಪಾಲು ಮುಗಿಯುವುದರೊಳಗೆ ಹಾಕಿ ಮುಗಿಸಿ.

ತೊಟ್ಟಿ ತೊಳೆದ ನೀರು ತೋಟಕ್ಕೇ ಹೋಗುವುದಾದರೆ ಕಾಸ್ಟಿಕ್ ಸೋಡಾ ಬೇಡ. ಅದರಲ್ಲಿನ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಸಿ ನೀರು ಇಂಗದಂತೆ ಮಾಡುತ್ತದೆ. ಪೊಟ್ಯಾಸಿಯಂ ಕ್ಷಾರ ವಾಸಿ, ಆದರೆ ಅದೂ ಪುಕ್ಕಟೆಯಲ್ಲ: ವರ್ಷಗಟ್ಟಲೆ ಬಿಟ್ಟರೆ ಬಳ್ಳಿ ಹೀರಿಕೊಂಡ ಪೊಟ್ಯಾಸಿಯಂ ಹಣ್ಣಿಗೆ ಬಂದು ರಸದ ಪಿಎಚ್ಚನ್ನೇ ಏರಿಸುತ್ತದೆ. ಮೊದಲು ಸಿಪ್ಪೆ, ಗಸಿಯನ್ನು ಒಣದಾಗಿಯೇ ಬಳಿದು ತೆಗೆಯಿರಿ. ಕ್ಷಾರ ಆಮೇಲೆ, ಬೇಕಾದಷ್ಟೇ.