ಎಣ್ಣೆ ಬಿಟ್ಟರೂ ಯಕೃತ್ತಿನ ಕೊಬ್ಬು ಏಕೆ ಇಳಿಯುವುದಿಲ್ಲ?

ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಎಂಬ ಸಾಲು ಕಂಡ ದಿನವೇ ಮಂಗಳೂರಿನ ಎಷ್ಟೋ ಮನೆಗಳಲ್ಲಿ ಪದಾರ್ಥಕ್ಕೆ ತೆಂಗಿನಕಾಯಿ ಅರೆಯುವುದು ನಿಲ್ಲುತ್ತದೆ, ಒಗ್ಗರಣೆಯಿಂದ ತೆಂಗಿನೆಣ್ಣೆ ಹೊರಬೀಳುತ್ತದೆ, ಬಂಗುಡೆ ಗಸಿ ತಟ್ಟೆಯಿಂದ ದೂರವಾಗುತ್ತದೆ. ಕೆಲವು ತಿಂಗಳ ಬಳಿಕ ಮತ್ತೆ ಸ್ಕ್ಯಾನಿಂಗ್ ಮಾಡಿಸಿದರೆ ಅದೇ ಸಾಲು. “ಎಣ್ಣೆ ಮುಟ್ಟುವುದೇ ಇಲ್ಲ ಡಾಕ್ಟ್ರೇ, ಮತ್ತೆ ಈ ಕೊಬ್ಬು ಬರುವುದು ಎಲ್ಲಿಂದ?” ಎಂದು ಕೇಳುತ್ತಾರೆ. ಇದೇ ಉತ್ತರವನ್ನು ದಿನವೂ ಹೇಳುವಾಗ ನನಗೆ ತಾಳ್ಮೆ ತಪ್ಪುವುದುಂಟು. ಆದರೆ ಇಷ್ಟದ ಊಟವನ್ನೇ ಬಿಟ್ಟು ಕಷ್ಟಪಟ್ಟವರಿಗೆ ಅದರ ಫಲ ಸಿಗದೆ ಹೋಗುವುದನ್ನು ನೋಡಿ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ.

ತಿಂದ ಎಣ್ಣೆ ನೇರವಾಗಿ ಯಕೃತ್ತಿಗೆ ಹೋಗಿ ಅಲ್ಲಿ ಕೂರುತ್ತದೆ ಎಂಬ ಕಲ್ಪನೆಯಿಂದಲೇ ಈ ತಪ್ಪು ಹುಟ್ಟುತ್ತದೆ. ಊಟದ ಕೊಬ್ಬಿನ ಬಹುಪಾಲು ಕರುಳಿನಲ್ಲಿ ಕೈಲೋಮೈಕ್ರಾನ್ ಎಂಬ ಕಣಗಳಾಗಿ, ದುಗ್ಧನಾಳಗಳ (ಲಿಂಫ್ ನಾಳಗಳ) ಮೂಲಕ ರಕ್ತಕ್ಕೆ ಸೇರಿ, ಮೊದಲು ಸ್ನಾಯುಗಳಿಗೂ ಚರ್ಮದಡಿಯ ಕೊಬ್ಬಿನ ಅಂಗಾಂಶಕ್ಕೂ ತಲುಪುತ್ತದೆ. ಅಲ್ಲಿ ಖಾಲಿಯಾಗಿ ಉಳಿದ ಭಾಗವಷ್ಟೇ ಯಕೃತ್ತಿಗೆ ಬರುತ್ತದೆ. ಇದಕ್ಕೆ ಪ್ರತಿಯಾಗಿ ಅನ್ನ, ದೋಸೆ, ಸಕ್ಕರೆಗಳಿಂದ ಬಂದ ಗ್ಲೂಕೋಸ್ ಹಾಗೂ ಫ್ರಕ್ಟೋಸ್ ಕರುಳಿನ ರಕ್ತನಾಳದ ಮೂಲಕ ನೇರವಾಗಿ ಯಕೃತ್ತಿನ ಬಾಗಿಲಿಗೇ ಬರುತ್ತವೆ. ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಸುಮಾರು 100 ಗ್ರಾಂ ಸಕ್ಕರೆಯನ್ನಷ್ಟೇ ಕೂಡಿಡಬಲ್ಲದು. ಆ ಜಾಗ ತುಂಬಿದ ಮೇಲೂ ಸಕ್ಕರೆ ಬರುತ್ತಲೇ ಇದ್ದರೆ, ಯಕೃತ್ತಿನ ಜೀವಕೋಶ ಅದರಲ್ಲಿ ಒಂದು ಪಾಲನ್ನು ತಾನೇ ಕೊಬ್ಬಿನ ಮೂಲ ಘಟಕವಾದ ಕೊಬ್ಬಿನಾಮ್ಲವಾಗಿ ಪರಿವರ್ತಿಸುತ್ತದೆ. ಫ್ರಕ್ಟೋಸ್‌ನ ವಿಷಯದಲ್ಲಿ ಈ ಕೆಲಸ ಇನ್ನೂ ಸಲೀಸು. ತಂಪು ಪಾನೀಯ, ಪ್ಯಾಕೆಟ್ ಜ್ಯೂಸ್‌ಗಳ ಬಗ್ಗೆ ನಾವು ಎಚ್ಚರಿಸುವುದಕ್ಕೆ ಕಾರಣ ಇದೇ.

2005ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಫ್ಯಾಟಿ ಲಿವರ್ ಇದ್ದ 9 ಮಂದಿಯ ಯಕೃತ್ತಿನ ಕೊಬ್ಬು ಎಲ್ಲಿಂದ ಬಂದದ್ದೆಂದು ಐಸೋಟೋಪ್ ಎಂಬ ಗುರುತು ಪರಮಾಣುಗಳ ನೆರವಿನಿಂದ ಪತ್ತೆ ಹಚ್ಚಿದರು. ಸುಮಾರು 59 ಶೇಕಡಾ ದೇಹದ ಕೊಬ್ಬಿನ ಅಂಗಾಂಶದಿಂದ ಕರಗಿ ರಕ್ತದ ಮೂಲಕ ಬಂದದ್ದಾಗಿತ್ತು. 26 ಶೇಕಡಾ ಯಕೃತ್ತು ತಾನೇ ತಯಾರಿಸಿದ್ದಾಗಿತ್ತು. ಊಟದ ಕೊಬ್ಬಿನಿಂದ ಬಂದದ್ದು ಸುಮಾರು 15 ಶೇಕಡಾ ಮಾತ್ರ. ಚಿಕ್ಕ ಅಧ್ಯಯನವಾದ್ದರಿಂದ ಈ ಅಂಕಿಗಳನ್ನು ಪ್ರತಿಯೊಬ್ಬರಿಗೂ ಯಥಾವತ್ ಅನ್ವಯಿಸಲಾಗದು. ಆದರೆ ಎಣ್ಣೆಯನ್ನು ಮಾತ್ರ ಬಿಟ್ಟವರು ಯಾವ ಚಿಕ್ಕ ಪಾಲಿನ ಮೇಲೆ ಹೋರಾಡುತ್ತಿದ್ದಾರೆ ಎಂಬುದು ಇದರಿಂದ ತಿಳಿಯುತ್ತದೆ.

ದೊಡ್ಡ ಪಾಲು ದೇಹದ ಕೊಬ್ಬಿನಿಂದ ಏಕೆ ಬರುತ್ತದೆ? ಊಟವಾದ ಮೇಲೆ ಏರುವ ಇನ್ಸುಲಿನ್, ಕೊಬ್ಬಿನ ಅಂಗಾಂಶಕ್ಕೆ ‘ಈಗ ಕೊಬ್ಬು ಬಿಡುಗಡೆ ಮಾಡಬೇಡ’ ಎಂದು ಹೇಳಬೇಕು. ಹೊಟ್ಟೆಯ ಸುತ್ತ ಬೊಜ್ಜು ಬೆಳೆದವರಲ್ಲಿ ಆ ಮಾತನ್ನು ಅಂಗಾಂಶ ಸರಿಯಾಗಿ ಕೇಳುವುದಿಲ್ಲ. ಹಗಲೂ ರಾತ್ರಿ ಕೊಬ್ಬಿನಾಮ್ಲ ಸೋರಿ ಯಕೃತ್ತಿಗೆ ಬರುತ್ತಿರುತ್ತದೆ. ಆದರೆ ಕೊಬ್ಬನ್ನು ತಯಾರಿಸು ಎಂಬ ಇನ್ಸುಲಿನ್ನಿನ ಆಜ್ಞೆಯನ್ನು ಯಕೃತ್ತು ಈ ಸ್ಥಿತಿಯಲ್ಲೂ ಪಾಲಿಸುತ್ತಲೇ ಇರುತ್ತದೆ. ಹೀಗೆ ಎರಡೂ ಕಡೆಯಿಂದ ಬಂದ ಕೊಬ್ಬು ಟ್ರೈಗ್ಲಿಸರೈಡ್ ಎಂಬ ಶೇಖರಣೆಯ ರೂಪ ತಾಳಿ, ಜೀವಕೋಶದೊಳಗೆ ಸಣ್ಣ ಹನಿಗಳಾಗಿ ಸೇರುತ್ತದೆ. 5 ಶೇಕಡಾಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಇಂತಹ ಹನಿಗಳು ಕಂಡರೆ ಅದು ಫ್ಯಾಟಿ ಲಿವರ್.

ಈ ಹನಿ ಒಮ್ಮೆ ಕೂತರೆ ಹೋಗದ ಜಿಡ್ಡಲ್ಲ. ಅದರ ಮೇಲೆ ಪೆರಿಲಿಪಿನ್ ಎಂಬ ಪ್ರೋಟೀನುಗಳ ಕಾವಲಿದೆ. ಅಗತ್ಯ ಬಿದ್ದಾಗ ಲೈಪೇಸ್ ಕಿಣ್ವಗಳು ಅದನ್ನು ಒಡೆದು ಕೊಬ್ಬಿನಾಮ್ಲವನ್ನು ಹೊರತೆಗೆಯುತ್ತವೆ. ಹಾಗೆ ಹೊರಬಂದದ್ದರಲ್ಲಿ ಒಂದಷ್ಟು ವಿಎಲ್‌ಡಿಎಲ್ ಎಂಬ ಕೊಬ್ಬು ಸಾಗಿಸುವ ಕಣಗಳಾಗಿ ರಕ್ತಕ್ಕೆ ಹೋಗುತ್ತದೆ, ಒಂದಷ್ಟು ಮೈಟೋಕಾಂಡ್ರಿಯಾದೊಳಗೆ ಉರಿದು ಶಕ್ತಿಯಾಗುತ್ತದೆ. ಆ ಉರಿಯುವ ಕೋಣೆಯ ಬಾಗಿಲಿನಲ್ಲಿ ಸಿಪಿಟಿ-1 ಎಂಬ ಕಿಣ್ವವಿದೆ. ಯಕೃತ್ತು ಸಕ್ಕರೆಯಿಂದ ಕೊಬ್ಬು ತಯಾರಿಸುತ್ತಿರುವಾಗ ಹುಟ್ಟುವ ಮೆಲೊನೈಲ್ ಕೋಎ ಎಂಬ ವಸ್ತು ಈ ಬಾಗಿಲನ್ನು ಮುಚ್ಚಿಬಿಡುತ್ತದೆ. ನಾನು ಮತ್ತೆ ಮತ್ತೆ ಹೇಳಬೇಕಾಗಿ ಬರುವ ಮಾತು ಇದೊಂದೇ: ಕೊಬ್ಬು ತಯಾರಾಗುವಾಗ ಕೊಬ್ಬು ಉರಿಯುವುದು ತಗ್ಗುತ್ತದೆ. ಬೆಳಿಗ್ಗೆ ಏಳು ಗಂಟೆಯ ಚಾದಿಂದ ರಾತ್ರಿ ಹತ್ತರ ಊಟದವರೆಗೆ ಎರಡೆರಡು ಗಂಟೆಗೊಮ್ಮೆ ಸಿಹಿಯೋ ಪಿಷ್ಟವೋ ಹೊಟ್ಟೆಗೆ ಬೀಳುತ್ತಿದ್ದರೆ, ಆ ಬಾಗಿಲು ಪೂರ್ತಿ ತೆರೆಯಲು ಹೊತ್ತೇ ಸಿಗುವುದಿಲ್ಲ. ಒಗ್ಗರಣೆಗೆ ಎಣ್ಣೆ ಹಾಕದಿದ್ದರೂ ಇದು ಬದಲಾಗದು. ಮದ್ಯವೂ ಬೇರೆ ದಾರಿಯಿಂದ ಈ ಉರಿಯುವಿಕೆಯನ್ನು ತಡೆಯುತ್ತದೆ.

ಬಂಟ್ವಾಳ ಕಡೆಯ ವ್ಯಾಪಾರಿಯೊಬ್ಬರು ತೆಂಗಿನಕಾಯಿ, ಮೀನು ಎರಡನ್ನೂ ಬಿಟ್ಟು ಬಂದಿದ್ದರು. ಮುಖ ಬಾಡಿತ್ತು, ತೂಕ ಮಾತ್ರ ಇಳಿದಿರಲಿಲ್ಲ. ಜೊತೆಗೆ ಬಂದಿದ್ದ ಅವರ ಪತ್ನಿ ಮೆಲ್ಲಗೆ ಹೇಳಿದರು: “ಪದಾರ್ಥ ಸಪ್ಪೆಯಾದ ಮೇಲೆ ಇವರಿಗೆ ಹೊಟ್ಟೆ ತುಂಬುವುದಿಲ್ಲ ಡಾಕ್ಟ್ರೇ, ಕುಚ್ಚಲಕ್ಕಿ ಅನ್ನ ಜಾಸ್ತಿ ಬೇಕು. ಸಂಜೆ ಅಂಗಡಿಗೇ ಬನ್ಸ್ ತರಿಸುತ್ತಾರೆ.” ಅಂಗಡಿಯಲ್ಲಿ ಬಂದುಹೋಗುವವರ ಜೊತೆ ಕುಡಿಯುವ ಚಾ ದಿನಕ್ಕೆ ಐದಾರು, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ, ಚಾದಿಂದಲೇ 50 ಗ್ರಾಂ ದಾಟುತ್ತಿತ್ತು. ನಾನು ಬಂಗುಡೆಯನ್ನು ತಟ್ಟೆಗೆ ವಾಪಸು ತರಿಸಿದೆ, ಗಸಿಗೆ ಮಿತವಾಗಿ ಕಾಯಿ ಹಾಕಲು ಹೇಳಿದೆ, ಅನ್ನವನ್ನು ಅರ್ಧಕ್ಕೆ ಇಳಿಸಿ ಉಳಿದ ಜಾಗಕ್ಕೆ ತೊಂಡೆಕಾಯಿ, ಅಲಸಂಡೆ ಪಲ್ಯ ಸೂಚಿಸಿದೆ. ಚಾ ಎರಡೇ, ಸಕ್ಕರೆ ಇಲ್ಲದೆ. ರಾತ್ರಿ ಊಟ ಎಂಟರೊಳಗೆ. ಅಂಗಡಿ ತೆರೆಯುವ ಮೊದಲು ಬಿರುಸಿನ ನಡಿಗೆ. ಮೀನು ತಿನ್ನಬಹುದೆಂದು ಕೇಳಿದಾಗ ಅವರ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ತೂಕ 82 ಕಿಲೋದಿಂದ 76ಕ್ಕೆ ಬಂತು, ರಕ್ತದಲ್ಲಿ ಏರಿದ್ದ ಯಕೃತ್ತಿನ ಕಿಣ್ವಗಳು ಸಹಜ ಮಟ್ಟಕ್ಕೆ ಇಳಿದವು.

ಇದನ್ನು ಓದಿ ಯಾರೂ ತೆಂಗಿನೆಣ್ಣೆಯನ್ನು ಧಾರಾಳವಾಗಿ ಸುರಿದುಕೊಳ್ಳಬಾರದು. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು. ಅಂತಹ ಕೊಬ್ಬು ಅತಿಯಾದರೆ ಯಕೃತ್ತಿನ ಕೊಬ್ಬೂ ಏರುತ್ತದೆ. ಅನುವಂಶೀಯ ಕಾರಣಗಳೂ ಇವೆ: 2008ರಲ್ಲಿ ಗುರುತಿಸಲಾದ ಪಿಎನ್‌ಪಿಎಲ್‌ಎ-3 ಜೀನ್‌ನ ಒಂದು ರೂಪ ಇರುವವರಲ್ಲಿ ಹನಿಗಳು ಒಡೆಯುವುದೇ ಕಡಿಮೆಯಾದ್ದರಿಂದ, ತೆಳ್ಳಗಿದ್ದವರಲ್ಲೂ ಫ್ಯಾಟಿ ಲಿವರ್ ಕಾಣಿಸಬಹುದು. ತೂಕ ಹೆಚ್ಚಿದ್ದವರಲ್ಲಿ 5 ಶೇಕಡಾ ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. ಕೊಬ್ಬಿನ ಜೊತೆ ಯಕೃತ್ತಿನಲ್ಲಿ ಉರಿಯೂತವೂ ಇದ್ದು ಅದು ತಗ್ಗಬೇಕಾದರೆ 7ರಿಂದ 10 ಶೇಕಡಾ ಇಳಿಯಬೇಕಾಗುತ್ತದೆ.

ಇಳಿಸುವ ಆತುರದಲ್ಲಿ ಉಪವಾಸ ಬೀಳುವುದೂ ಸರಿಯಲ್ಲ. ತೂಕ ಒಮ್ಮೆಲೇ ಕುಸಿದರೆ ದೇಹದ ಕೊಬ್ಬು ರಾಶಿಯಾಗಿ ಕರಗಿ ಯಕೃತ್ತಿನ ಮೇಲೇ ಬೀಳುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವವೂ ಹೆಚ್ಚುತ್ತದೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಅನ್ನ ಕಡಿಮೆ ಮಾಡುವ ಮೊದಲು ಔಷಧಿಯ ಪ್ರಮಾಣವನ್ನು ತಮ್ಮ ವೈದ್ಯರಿಂದ ಸರಿಪಡಿಸಿಕೊಳ್ಳಬೇಕು. ಇಲ್ಲವಾದರೆ ನಡುರಾತ್ರಿ ರಕ್ತದ ಸಕ್ಕರೆ ಕುಸಿದು ಆಸ್ಪತ್ರೆಗೆ ಧಾವಿಸಬೇಕಾದೀತು.